ಅಮಲು ಹರಾಮ್ ಎಂದರಷ್ಟೇ ಸಾಕೇ, ಮನಸ್ಸಿನ ಗಾಯಕ್ಕೆ ಮದ್ದು ಬೇಡವೇ?

(ಸಾಗರದಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಅಮಲು ಪದಾರ್ಥ ಹರಾಮ್ ಎಂಬುದನ್ನು ಈ ಸಭೆಯಲ್ಲಿ ಯಾರಿಗೂ ಹೊಸದಾಗಿ ತಿಳಿಸಬೇಕಾದ ಅಗತ್ಯವಿಲ್ಲ. ಮದ್ರಸಾದ ಮೊದಲ ತರಗತಿಯ ಮಗುವಿಗೂ ಅದು ಗೊತ್ತು. ಕುಡಿಯುವವನಿಗೂ ಗೊತ್ತು. ಹಾಗಿದ್ದರೆ ಗೊತ್ತಿದ್ದೂ ಆತ ಯಾಕೆ ಕುಡಿಯುತ್ತಾನೆ? ಗಾಂಜಾ ಸೇದುವ ಯುವಕ ಅದನ್ನು ಯಾಕೆ ಬಿಡುವುದಿಲ್ಲ? ನಾವು ಈ ಪ್ರಶ್ನೆಗೆ ಕೊಡುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ಆತನಿಗೆ ದೇವಭಯವಿಲ್ಲ. ಇನ್ನೊಂದು, ಸಹವಾಸ ಕೆಟ್ಟಿದೆ. ಈ ಎರಡೂ ಉತ್ತರಗಳಲ್ಲಿ ಸತ್ಯಾಂಶ ಇರಬಹುದು. ಆದರೆ ನಾವು ಮೂರನೆಯ ಉತ್ತರವೊಂದನ್ನು ಹುಡುಕುವುದೇ ಇಲ್ಲ. ಆತನ ಮನಸ್ಸಿಗೆ ಕಾಯಿಲೆಯಾಗಿರಬಹುದೇ ಎಂದು ಕೇಳುವುದೇ ಇಲ್ಲ.

ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿಯ ಯಾವುದಾದರೊಂದು ಮೊಹಲ್ಲಾದ ಮನೆಯನ್ನು ಊಹಿಸಿಕೊಳ್ಳೋಣ. ಇಪ್ಪತ್ತೆರಡರ ಮಗ. ಬೆಂಗಳೂರಿಗೆ ಕೆಲಸಕ್ಕೆಂದು ಹೋದವನು ಆರು ತಿಂಗಳಲ್ಲಿ ಮರಳಿ ಬಂದಿದ್ದಾನೆ. ರಾತ್ರಿ ನಿದ್ದೆಯಿಲ್ಲ. ಮಾತು ಕಡಿಮೆ. ನೆರೆಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಸಂಶಯ. ಅಪ್ಪ ಅದನ್ನು ಸೋಮಾರಿತನ ಅನ್ನುತ್ತಾರೆ. ಅಮ್ಮ ಕಣ್ಣೇಸರು ಎನ್ನುತ್ತಾರೆ. ಒಂದು ದಿನ ಅಂಗಿಯ ಜೇಬಿನಲ್ಲಿ ಗಾಂಜಾದ ಪೊಟ್ಟಣ ಸಿಗುತ್ತದೆ. ಆ ಬಳಿಕ ಎಲ್ಲರಿಗೂ ಎಲ್ಲವೂ ಅರ್ಥವಾಗಿಬಿಡುತ್ತದೆ! ಬೈಗುಳ, ಹೊಡೆತ, ಕೊನೆಗೆ ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ತೀರ್ಮಾನ. ಹೀಗೆ ಒಂದು ಮನೆಯ ಸಂಕಟ ಎರಡು ಮನೆಗಳ ಸಂಕಟವಾಗುತ್ತದೆ. ನಿದ್ದೆಗೆಟ್ಟದ್ದು ಮೊದಲೋ, ಗಾಂಜಾ ಮೊದಲೋ ಎಂದು ಮಾತ್ರ ಯಾರೂ ಆ ಯುವಕನಲ್ಲಿ ಕೇಳುವುದಿಲ್ಲ.

ಈ ಪ್ರಶ್ನೆ ಯಾಕೆ ಮುಖ್ಯವೆಂದರೆ, ಅಮಲು ಮತ್ತು ಮನೋರೋಗ ಒಂದನ್ನೊಂದು ಸಾಕುತ್ತವೆ. ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಸಿಯನ್ 1985ರಲ್ಲಿ ಒಂದು ವಾದವನ್ನು ಮುಂದಿಟ್ಟರು. ವ್ಯಸನಿಯು ಬರೇ ಮಜಾಕ್ಕಾಗಿ ಅಮಲಿನತ್ತ ಹೋಗುವುದಿಲ್ಲ, ಸಹಿಸಲಾಗದ ಒಳನೋವಿಗೆ ತಾನೇ ವೈದ್ಯನಾಗಿ ತಾನೇ ಮದ್ದು ಹುಡುಕಿಕೊಳ್ಳುತ್ತಾನೆ ಎಂಬುದು ಅದರ ಸಾರ. ನಾಲ್ಕು ಜನರ ಮುಂದೆ ಮಾತಾಡಲು ನಡುಗುವವನಿಗೆ ಮದ್ಯ ಧೈರ್ಯ ಕೊಟ್ಟಂತೆ ಕಾಣುತ್ತದೆ. ಖಿನ್ನತೆಯಿಂದ ಮರಗಟ್ಟಿದವನಿಗೆ ಒಂದು ಗಂಟೆಯ ಮರೆವು ಸಿಗುತ್ತದೆ. ಆದರೆ ಈ ಮದ್ದು ಕೊಟ್ಟದ್ದಕ್ಕಿಂತ ಹೆಚ್ಚನ್ನು ಕಸಿದುಕೊಳ್ಳುತ್ತದೆ. ಅಮಲು ಇಳಿದಾಗ ಆತಂಕ ಮೊದಲಿಗಿಂತ ಹೆಚ್ಚಿರುತ್ತದೆ. ಮದ್ಯ ತಂದ ನಿದ್ದೆ ನಡುರಾತ್ರಿ ಒಡೆಯುತ್ತದೆ. ನಿನ್ನೆಯ ನೆಮ್ಮದಿಗೆ ಇಂದು ಇನ್ನಷ್ಟು ಬೇಕಾಗುತ್ತದೆ. ಹೀಗೆ ಖಿನ್ನತೆ ಕುಡಿತವನ್ನು ಬೆಳೆಸುತ್ತದೆ, ಕುಡಿತ ಖಿನ್ನತೆಯನ್ನು ಬೆಳೆಸುತ್ತದೆ.

ಇನ್ನು ಕೆಲವರಲ್ಲಿ ಅಮಲೇ ಮೊದಲ ಹೆಜ್ಜೆಯಾಗಿರುತ್ತದೆ. ಸ್ವೀಡನ್ನಿನಲ್ಲಿ ಸೇನೆಗೆ ಕರೆಯಲ್ಪಟ್ಟ ಸುಮಾರು 45 ಸಾವಿರ ಯುವಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. 18ರ ಪ್ರಾಯಕ್ಕೆ ಐವತ್ತಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇವಿಸಿದ್ದವರು ಮುಂದೆ ಸ್ಕಿಜೋಫ್ರೇನಿಯಾಕ್ಕೆ ತುತ್ತಾಗುವ ಸಂಭವ, ಸೇವಿಸದವರಿಗಿಂತ ಆರು ಪಟ್ಟು ಅಧಿಕವಾಗಿತ್ತು. ಗಾಂಜಾ ಸೇದಿದ ಎಲ್ಲರಿಗೂ ಮನೋರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಯಾರ ಮನೆತನದಲ್ಲಿ ಮನೋರೋಗದ ಇತಿಹಾಸ ಇದೆಯೋ, ಯಾರ ಮೆದುಳು ಇನ್ನೂ ಬೆಳೆಯುವ ಪ್ರಾಯದಲ್ಲಿದೆಯೋ ಅವರಿಗೆ ಅದು ಬೆಂಕಿಯ ಜೊತೆಗಿನ ಆಟ. ‘ಅದು ಗಿಡ ತಾನೇ, ಏನೂ ಆಗಲ್ಲ’ ಎಂದು ಹರೆಯದವರಿಗೆ ಹೇಳಿಕೊಡುವವರು ಇದನ್ನು ತಿಳಿದಿರಬೇಕು.

ಮೂರನೆಯ ಕೊಂಡಿ ಅಭ್ಯಾಸದ್ದು. ಮನಸ್ಸು ಬರೇ ಅಮಲನ್ನಲ್ಲ, ಅದರ ಸುತ್ತಲಿನ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಸಂಬಳದ ದಿನ, ಬಸ್ ನಿಲ್ದಾಣದ ಹಿಂಬದಿ, ನಮ್ಮ ಮಲೆನಾಡಿನ ಬಿಡದ ಮಳೆಯ ಸಂಜೆ, ಹಳೆಯ ಗೆಳೆಯನ ಒಂದು ಫೋನು... ಇಷ್ಟೇ ಸಾಕು, ಬಿಟ್ಟೆನೆಂದು ಪ್ರತಿಜ್ಞೆ ಮಾಡಿದವನ ದೇಹ ಅಮಲಿಗಾಗಿ ಹಪಹಪಿಸುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಊರಿಗೆ ಮರಳಿದ ನಂತರ ಭೇಟಿಯಾದರು. ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಅಮಲಿಗೆ ಹೊಂದಿಕೊಂಡಿದ್ದ ಪರಿಸರದಿಂದ ಹೊರಬಂದದ್ದು, ಮನೆಯವರ ನಡುವೆ ಮರಳಿ ಸೇರಿದ್ದು ಅವರಲ್ಲಿ ಬಹಳಷ್ಟು ಮಂದಿಗೆ ನೆರವಾಯಿತು. ಇದರ ಮಗ್ಗುಲನ್ನೂ ನಾವು ನೋಡಬೇಕು. ಮನೆಯಿಂದ ದೂರ, ಒಂದೇ ಕೋಣೆಯಲ್ಲಿ ಹತ್ತು ಜನರೊಂದಿಗಿದ್ದೂ ಒಂಟಿಯಾಗಿ ದುಡಿಯುವ ನಮ್ಮ ಮಕ್ಕಳು ಹೇಗಿದ್ದಾರೆ? ಹಣ ಬಂತೇ ಎಂದು ಕೇಳುವ ನಾವು, ನಿದ್ದೆ ಬರುತ್ತದೆಯೇ ಎಂದು ಕೇಳಿದ್ದೇವೆಯೇ?

ಇದು ಯಾರದೋ ಊರಿನ ಮಾತಲ್ಲ. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಗಾಂಜಾ, ಭಂಗಿ ಸೇವಿಸುವವರು ಸುಮಾರು 3 ಕೋಟಿ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆ ಇರುವವರಲ್ಲಿ ಶೇ. 85ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗಿದ್ದಾರೆ. ಮುಸ್ಲಿಮ್ ಮನೆಗಳಲ್ಲಿ ಇದಕ್ಕೆ ಇನ್ನೊಂದು ಬೀಗವೂ ಸೇರಿಕೊಂಡಿದೆ. ಮಗ ಕುಡಿಯುತ್ತಾನೆಂದು ಹೊರಗೆ ತಿಳಿದರೆ ಮಗಳಿಗೆ ಸಂಬಂಧ ಬರಲಿಕ್ಕಿಲ್ಲ ಎಂಬ ಭಯ. ಆದ್ದರಿಂದ ಬಾಗಿಲು ಮುಚ್ಚುತ್ತೇವೆ. ಮುಚ್ಚಿದ ಬಾಗಿಲಿನ ಹಿಂದೆ ಕಾಯಿಲೆ ಬಲಿಯುತ್ತದೆ.

ಹಾಗಂತ ಚಿಕಿತ್ಸೆಯೆಂದರೆ ಬೆಂಗಳೂರಿಗೇ ಹೋಗಬೇಕಿಲ್ಲ. ನಮ್ಮ ಪಕ್ಕದ ತೀರ್ಥಹಳ್ಳಿಯೇ ಅದಕ್ಕೆ ಸಾಕ್ಷಿ. 2005ರಲ್ಲಿ ನಿಮ್ಹಾನ್ಸ್ ವೈದ್ಯರು ಆ ತಾಲೂಕಿನಲ್ಲಿ ಒಂದು ಕಾರ್ಯಕ್ರಮ ಆರಂಭಿಸಿದರು. ತೋಟದ ಮನೆಗಳಲ್ಲಿ, ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದವರನ್ನು ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಗುರುತಿಸಿ, ಅಲ್ಲಿಯೇ ಮದ್ದು ಕೊಟ್ಟರು, ಬೆನ್ನುಬಿಡದೆ ವಿಚಾರಿಸಿಕೊಂಡರು. ಮದ್ದೇ ಕಾಣದೆ ವರ್ಷಗಳನ್ನು ಕಳೆದವರೂ ಅವರಲ್ಲಿದ್ದರು. ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು ಸುಧಾರಿಸಿತು. ಚಿಕಿತ್ಸೆ ಇಲ್ಲದೆ ಉಳಿದವರ ಅಸಹಾಯಕತೆ ಹಾಗೆಯೇ ಉಳಿಯಿತು. ಜಗತ್ತಿನ ವೈದ್ಯಕೀಯ ಪತ್ರಿಕೆಗಳು ತೀರ್ಥಹಳ್ಳಿಯ ಹೆಸರನ್ನು ಇದಕ್ಕಾಗಿ ಉಲ್ಲೇಖಿಸುತ್ತವೆ. ತುಂಗೆಯ ದಡದ ನಮಗೇ ಅದು ಗೊತ್ತಿಲ್ಲ!

ಇಲ್ಲಿ ರಮಝಾನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷಗಳಿಂದ ದಿನವೂ ವಿಪರೀತ ಕುಡಿಯುವವನು ಪವಿತ್ರ ತಿಂಗಳ ಗೌರವಕ್ಕಾಗಿ ಮೊದಲ ಉಪವಾಸದಂದೇ ಕುಡಿತ ನಿಲ್ಲಿಸಿಬಿಡುತ್ತಾನೆ ಎಂದಿಟ್ಟುಕೊಳ್ಳಿ. ಉದ್ದೇಶ ಶ್ಲಾಘನೀಯವೇ. ಆದರೆ ಎರಡನೆಯ ಅಥವಾ ಮೂರನೆಯ ದಿನ ಕೈ ನಡುಗಬಹುದು, ಫಿಟ್ಸ್ ಬರಬಹುದು. ಇಲ್ಲದ ಹುಳು ಹುಪ್ಪಟೆಗಳು ಗೋಡೆಯ ಮೇಲೆ ಹರಿದಾಡುವಂತೆ ಕಾಣಬಹುದು, ಯಾರೋ ಕರೆದಂತೆ ಕೇಳಿಸಬಹುದು. ಮನೆಯವರು ಜಿನ್ನ್ ಹಿಡಿಯಿತೆಂದು ತಾವೀಝು ಕಟ್ಟಿಸಲು ಓಡುತ್ತಾರೆ. ನಿಜವಾಗಿ ಇದು ಮದ್ಯ ಹಠಾತ್ತಾಗಿ ನಿಂತಾಗ ಮೆದುಳು ತೋರುವ ಪ್ರತಿಕ್ರಿಯೆ. ಗಂಟೆಗಳೊಳಗೆ ಆಸ್ಪತ್ರೆಗೆ ಸೇರಿಸದಿದ್ದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಬಿಡುವ ತೀರ್ಮಾನವನ್ನು ರಮಝಾನಿಗೆ ಮುಂಚೆಯೇ ವೈದ್ಯರಿಗೆ ತಿಳಿಸಿ, ಅವರ ಮೇಲ್ವಿಚಾರಣೆಯಲ್ಲಿ ಬಿಡಿಸಿ. ಹಾಗೆಯೇ, ಮನೋರೋಗಕ್ಕೆ ಮಾತ್ರೆ ತಿನ್ನುವವರು ಉಪವಾಸಕ್ಕೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹೊತ್ತನ್ನು ಸಹರಿ, ಇಫ್ತಾರ್‌ಗೆ ಹೊಂದಿಸಬಹುದೇ, ಉಪವಾಸ ಮಾಡಬಹುದೇ ಎಂಬುದನ್ನು ವೈದ್ಯರಲ್ಲಿ ಕೇಳಬೇಕು. ಕಾಯಿಲೆಯವರಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆಯಲ್ಲವೇ?

ಅಷ್ಟಕ್ಕೂ ಚಟದ ಹಿಡಿತವನ್ನು ಇಸ್ಲಾಮ್ ಲಘುವಾಗಿ ಕಂಡಿಲ್ಲ. ಪವಿತ್ರ ಕುರ್‌ಆನ್ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಮೊದಲು ಲಾಭಕ್ಕಿಂತ ಹಾನಿಯೇ ದೊಡ್ಡದೆಂದು ತಿಳಿಸಿತು, ಬಳಿಕ ಅಮಲಿನಲ್ಲಿ ನಮಾಝಿಗೆ ನಿಲ್ಲಬೇಡಿ ಎಂದಿತು, ಕೊನೆಗೆ ಸಂಪೂರ್ಣವಾಗಿ ನಿಷೇಧಿಸಿತು. ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದ ವ್ಯಕ್ತಿಯೊಬ್ಬನನ್ನು ಒಬ್ಬರು ಶಪಿಸಿದಾಗ ಪ್ರವಾದಿ ಮುಹಮ್ಮದ್(ಸ) ಶಪಿಸಬಾರದೆಂದು ತಡೆದರು, ಆತನಿಗೆ ಅಲ್ಲಾಹನ ಮತ್ತು ಪ್ರವಾದಿಯ ಮೇಲೆ ಪ್ರೀತಿಯಿದೆ ಎಂದರು. ಈ ಘಟನೆ ಬುಖಾರಿಯಲ್ಲಿದೆ. ತಪ್ಪನ್ನು ತಪ್ಪೆಂದೇ ಹೇಳಿ, ವ್ಯಕ್ತಿಯನ್ನು ಕೈಬಿಡದ ಈ ಮಾದರಿ ನಮ್ಮ ಮೊಹಲ್ಲಾಗಳಲ್ಲಿ ಎಲ್ಲಿದೆ? ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಎರಡಕ್ಕೂ ಆರೈಕೆ ಬೇಕು ಎಂದು ಸಾವಿರ ವರ್ಷಗಳ ಹಿಂದೆಯೇ ಗ್ರಂಥ ಬರೆದವರು ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ. ಅವರ ಉತ್ತರಾಧಿಕಾರಿಗಳಾದ ನಾವು ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುತ್ತೇವೆ.

ಅವಮಾನವೂ ಒಂದು ಮಾನಸಿಕ ಕಾರಣವೇ ಎಂಬುದನ್ನು ನಾವು ಗಮನಿಸಬೇಕು. ‘ನೀನು ಮನೆತನದ ಮಾನ ಕಳೆದವನು’ ಎಂದು ದಿನವೂ ಕೇಳುವವನು ಆ ಮಾತಿನ ಉರಿಯನ್ನು ಆರಿಸಲು ಮತ್ತೆ ಎಲ್ಲಿಗೆ ಹೋಗುತ್ತಾನೆ? ತಾನು ಈಗಾಗಲೇ ನರಕದವನು ಎಂದು ನಂಬಿದವನಿಗೆ ಇನ್ನೊಂದು ಗುಟುಕು ಕುಡಿಯಲು ಏನು ಅಡ್ಡಿ? ಆದ್ದರಿಂದ ಖುತ್ಬಾದಲ್ಲಿ ಶಿಕ್ಷೆಯ ಮಾತು ಬರುವಾಗ ಮರಳುವ ದಾರಿಯ ಮಾತೂ ಬರಬೇಕು.

ಸರಕಾರವೂ ಉತ್ತರಿಸಬೇಕಾದುದು ಇದೆ. ಕರ್ನಾಟಕವು 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಆದರೆ 2023-24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬಂದದ್ದು 30 ಸಾವಿರ ಕೋಟಿ ರೂಪಾಯಿಗಿಂತಲೂ ಅಧಿಕ. ಕುಡಿಸಿ ಗಳಿಸುವ ಸರಕಾರವು, ಕುಡಿದು ಕಾಯಿಲೆ ಬಿದ್ದವನಿಗಾಗಿ ಪ್ರತಿ ತಾಲೂಕಿನಲ್ಲೂ ಮನೋವೈದ್ಯರನ್ನು ಯಾಕೆ ನೇಮಿಸಬಾರದು? ಇದನ್ನು ಮತ ಕೇಳಲು ಬರುವವರಲ್ಲಿ ನಾವು ಕೇಳಬೇಕು. ಅದರ ಜೊತೆಗೆ ಇರುವ ಸೌಲಭ್ಯವನ್ನೂ ಬಳಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಯನ್ನೂ ಮನೋರೋಗದೊಳಗೆ ಸೇರಿಸಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ.

ಕೊನೆಯದಾಗಿ, ಮನೆಗೆ ಮರಳುವಾಗ ಕೆಲವು ತೀರ್ಮಾನಗಳನ್ನು ಜೊತೆಗೊಯ್ಯೋಣ. ಕುಡಿಯುವವನನ್ನು ಅಮಲು ಇಳಿದ ಹೊತ್ತಿನಲ್ಲಿ ಕೂರಿಸಿ, ಎಷ್ಟು ಕುಡಿದೆ ಎನ್ನುವ ಮೊದಲು ಏನು ನೋಯುತ್ತಿದೆ ಎಂದು ಕೇಳೋಣ. ನಿದ್ದೆ, ಭಯ, ಸಂಶಯ, ಸಾಯುವ ಮಾತು ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತಿಳಿಸೋಣ. ಅಮಲಿಗೂ ಮನಸ್ಸಿಗೂ ಒಟ್ಟಿಗೇ ಚಿಕಿತ್ಸೆ ಕೊಡಿಸೋಣ, ಒಂದನ್ನು ಬಿಟ್ಟರೆ ಇನ್ನೊಂದು ಮರಳಿ ಬರುತ್ತದೆ. ಚಿಕಿತ್ಸೆಯೆಂದು ಮದುವೆ ಮಾಡಿಸಿ ಯಾರದೋ ಮಗಳ ಬದುಕನ್ನು ಪಣಕ್ಕಿಡದಿರೋಣ. ಪ್ರತಿ ಜಮಾಅತ್‌ನಲ್ಲಿ ಗುಟ್ಟು ಕಾಯಬಲ್ಲ ಇಬ್ಬರು ಹಿರಿಯರು ಮತ್ತು ಇಬ್ಬರು ಮಹಿಳೆಯರನ್ನು ಗುರುತಿಸಿ, ಆಸ್ಪತ್ರೆಗೆ ಜೊತೆಗೆ ಹೋಗುವ ಹೊಣೆಯನ್ನು ಅವರಿಗೆ ಒಪ್ಪಿಸೋಣ. ಬಿಟ್ಟವನು ಮತ್ತೊಮ್ಮೆ ಎಡವಿದರೆ, ಮತ್ತೊಮ್ಮೆ ಕೈಹಿಡಿಯೋಣ.

ಒಬ್ಬ ಯುವಕ ಅಮಲಿನಿಂದ ಹೊರಬರಲು ಮಸೀದಿಯ ಮೆಟ್ಟಿಲೇರಿದರೆ ಮೊದಲ ಸಾಲಿನವರು ಮೂಗು ಮುಚ್ಚುತ್ತಾರೋ, ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೋ? ಇದಕ್ಕೆ ಉತ್ತರ ಕೊಡಬೇಕಾದವನು ಆ ಯುವಕನಲ್ಲ. ನಾವು.