ನಮಗೆ ಗೊತ್ತಿರೋ ವಿಷಯದಿಂದ ಇಂಗ್ಲಿಷ್ ಶಬ್ದ ಕಲಿಯೋಣ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತವನು. ನಮಗೆಲ್ಲ ಮನ್ಯಾಗ ಕನ್ನಡ, ಕಚೇರಿಯಾಗ ಮರಾಠಿ, ಕಾಲೇಜಿನ್ಯಾಗ ಇಂಗ್ಲಿಷ್. ಈಗ ಬಿ.ಎ. ಓದುತ್ತಿದ್ದೇನೆ. "ಹುಡುಗರಿಗೆ ಇಂಗ್ಲಿಷ್ ಬಗ್ಗೆ ನಾಲ್ಕು ಮಾತು ಹೇಳಪಾ" ಅಂತ ಹಿರಿಯರು ಅಂದರು. ನಾನೇನೂ ಪಂಡಿತನಲ್ಲ, ಎಡವಿದವನು. ಎಲ್ಲಿ ಎಡವಿದೆ, ಹೆಂಗ ಎದ್ದೆ ಅನ್ನೋದನ್ನಷ್ಟೇ ಹೇಳ್ತೀನಿ.

ಹನ್ನೆರಡನೆಯ ತರಗತಿ ಪಾಸಾದ ಮೇಲೆ ಒಂದು ಕಾಲೇಜಿನ ಪಟ್ಟಿಯೊಳಗ ನನ್ನ ಹೆಸರು ಬಂತು. ಹೆಸರಿನ ಮುಂದೆ 'ಪ್ರೊವಿಜನಲ್' ಅಂತ ಬರೆದಿದ್ದರು. ಪ್ರೊವಿಜನ್ ಅನ್ನೋ ಶಬ್ದ ನಾನು ನೋಡಿದ್ದು ಕಿರಾಣಿ ಅಂಗಡಿಯ ಬೋರ್ಡಿನ ಮ್ಯಾಲೆ ಮಾತ್ರ. ಸೀಟು ಸಿಕ್ಕಿತು ಅಂತ ನಮ್ಮವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಇದು ತಾತ್ಕಾಲಿಕ ಪ್ರವೇಶ, ಹೇಳಿದ ದಿನದೊಳಗೆ ಮೂಲ ಕಾಗದಪತ್ರ ತೋರಿಸಿ ಖಾತ್ರಿ ಮಾಡಿಕೊಳ್ಳಬೇಕು ಅನ್ನೋದು ಅದರ ಅರ್ಥ. ನಾನು ಹೋಗೋದರೊಳಗ ಆ ದಿನ ದಾಟಿತ್ತು. ಒಂದು ಶಬ್ದ ತಿಳಿಯದ್ದಕ್ಕೆ ಒಂದು ವರ್ಷ ಹೋಯಿತು. ಆ ವರ್ಷ ಅಪ್ಪನ ಜೋಡಿ ಕಬ್ಬು ಕಡಿಯಾಕ ಹೋದೆ.

ಮರುವರ್ಷ ಕಾಲೇಜು ಸೇರಿದ ಮೇಲೆ ಹಟಕ್ಕೆ ಬಿದ್ದು ಡಿಕ್ಷನರಿ ಹಿಡಿದೆ. ದಿನಕ್ಕೆ ಇಪ್ಪತ್ತು ಶಬ್ದ ಬಾಯಿಪಾಠ. 'ಎ' ಅಕ್ಷರ ಮುಗಿಯೋದರೊಳಗ ಮೊದಲು ಕಲಿತವು ಮರೆತೇ ಹೋಗಿದ್ದವು. ಗುರುತಿಲ್ಲದ ಮಂದಿ ತುಂಬಿದ ಜಾತ್ರೆಯಾಗ ಯಾರ ಮುಖ ನೆನಪಿರತೈತಿ ಹೇಳ್ರಿ?

ನನಗೆ ದಾರಿ ತೋರಿಸಿದ್ದು ಬಾಬಾಸಾಹೇಬರ ಒಂದು ಪ್ರಬಂಧ. 1916ರ ಮೇ 9ರಂದು ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಅದನ್ನು ಓದಿದರು. ಆಗ ಅವರಿಗೆ 25 ವರ್ಷ. ಇಲ್ಲಿ ಕೂತಿರೋ ಎಷ್ಟೋ ಜನರ ವಯಸ್ಸು. ಪ್ರಬಂಧದ ಹೆಸರು 'ಕಾಸ್ಟ್ಸ್ ಇನ್ ಇಂಡಿಯಾ: ದೇರ್ ಮೆಕ್ಯಾನಿಸಮ್, ಜೆನೆಸಿಸ್ ಅಂಡ್ ಡೆವಲಪ್‌ಮೆಂಟ್'. ಮಹಾರಾಷ್ಟ್ರ ಸರ್ಕಾರ 1979ರಲ್ಲಿ ತಂದ ಅವರ ಇಂಗ್ಲಿಷ್ ಬರಹಗಳ ಮೊದಲ ಸಂಪುಟದಲ್ಲಿ ಇದೆ.

ಹೆಸರೇ ಮೊದಲ ಪಾಠ. ಮೋಟಾರು ರಿಪೇರಿ ಮಾಡೋ ಮೆಕ್ಯಾನಿಕ್ ನಮಗೆ ಗೊತ್ತು. ಹಂಗಾದರೆ ಮೆಕ್ಯಾನಿಸಮ್ ಅಂದ್ರೆ ಒಂದು ವಸ್ತು ಒಳಗೆ ಹೆಂಗ ನಡೀತೈತಿ ಅನ್ನೋ ರಚನೆ. ಕರೆಂಟ್ ಹುಟ್ಟಿಸೋದು ಜನರೇಟರ್. ಜೆನೆಸಿಸ್ ಅಂದ್ರೆ ಹುಟ್ಟು. ಜನರೇಶನ್ ಅಂದ್ರೆ ತಲೆಮಾರು. ಎಲ್ಲ ಒಂದೇ ಮನೆತನದ ಶಬ್ದಗಳು.

ಒಳಗೆ ಹೋದರೆ 'ಎಂಡೋಗಮಿ' ಪದೇ ಪದೇ ಸಿಗುತ್ತದೆ. ಗ್ರೀಕ್ ಭಾಷೆಯಲ್ಲಿ 'ಗಾಮೋಸ್' ಅಂದ್ರೆ ಮದುವೆ, 'ಎಂಡೋನ್' ಅಂದ್ರೆ ಒಳಗೆ. ತಮ್ಮ ಗುಂಪಿನ ಒಳಗೇ ಮದುವೆ. ಹೊರಗೆ ಮಾಡಿಕೊಂಡರೆ ಎಕ್ಸೋಗಮಿ. ಒಂದೇ ಮದುವೆ ಮೊನೋಗಮಿ, ಹಲವು ಮದುವೆ ಪಾಲಿಗಮಿ. ಒಂದು ಗೊತ್ತಾದರೆ ನಾಲ್ಕು ಬಂದವು. ಜಾತಿಯನ್ನು ಹಿಡಿದು ನಿಲ್ಲಿಸಿದ್ದೇ ಈ ಎಂಡೋಗಮಿ ಅಂತ ಬಾಬಾಸಾಹೇಬರು ತೋರಿಸುತ್ತಾರೆ. ಗಂಡ ಸತ್ತ ಹೆಣ್ಣು ಆ ಗುಂಪಿಗೆ 'ಸರ್‌ಪ್ಲಸ್' ಆಗುತ್ತಾಳೆ. ಸರ್‌ಪ್ಲಸ್ ಅಂದ್ರೆ ಲೆಕ್ಕಕ್ಕಿಂತ ಹೆಚ್ಚಾಗಿ ಉಳಿದದ್ದು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವುಗಳ ಬೇರು ಅಲ್ಲೈತಿ ಅನ್ನೋದು ಅವರ ವಾದ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದಿ ಬರಲಿಲ್ಲ. ಆ ಶಬ್ದ ಇವತ್ತಿಗೂ ಮರೆತಿಲ್ಲ. ಯಾಕಂದ್ರ ವಿಷಯ ನಮ್ಮ ಮನಿದು.

ಇನ್ನೊಂದು ವಿಷಯ ಬರಗಾಲ. ಜತ್ತಿನವರಿಗೆ ಬರ ಅಂದ್ರೆ ಏನಂತ ಯಾರೂ ಕಲಿಸಬೇಕಾಗಿಲ್ಲ. ಪುಸ್ತಕದಾಗ ಅದನ್ನೇ ವಿಂಗಡಿಸಿ ಹೇಳ್ತಾರ. ಮಳೆಯೇ ಕಡಿಮೆಯಾದರೆ ಮೀಟಿಯರಲಾಜಿಕಲ್ ಡ್ರೌಟ್. ಹೊಲದ ಹಸಿ ಆರಿ ಬೆಳೆ ಒಣಗಿದರೆ ಅಗ್ರಿಕಲ್ಚರಲ್. ಕೆರೆ, ಬಾವಿ, ಬೋರು ಬತ್ತಿದರೆ ಹೈಡ್ರಲಾಜಿಕಲ್. 'ಹೈಡ್ರೊ' ಅಂದ್ರೆ ನೀರು. ಬಿಸಿಲಿಗೆ ಬಿದ್ದವರಿಗೆ ಸಲೈನ್ ಹಚ್ಚುವಾಗ ಡಾಕ್ಟರು ಅನ್ನೋ ಡಿಹೈಡ್ರೇಶನ್‌ನಲ್ಲೂ ಅದೇ ಐತಿ.

ಇದರ ಹಿಂದೆ ಒಂದು ಲೆಕ್ಕವೂ ಇದೆ. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ ಅನ್ನೋರು ಸುಮಾರು 35 ಲಕ್ಷ ಶಬ್ದಗಳಷ್ಟು ಕಾಲೇಜು ಬರಹಗಳನ್ನು ಜಾಲಾಡಿ 2000ದಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ದಿನಬಳಕೆಯ ಶಬ್ದಗಳನ್ನು ಬಿಟ್ಟು, ಯಾವ ವಿಷಯ ಓದಿದರೂ ಸಿಗುವ ಶಬ್ದಕುಟುಂಬಗಳು ಅದರಲ್ಲಿ 570 ಮಾತ್ರ. ಅಂಥ ಬರಹಗಳ ಸುಮಾರು ಹತ್ತನೇ ಒಂದು ಭಾಗ ಇವುಗಳಿಂದಲೇ ಆಗಿರುತ್ತದೆ. ಸಮುದ್ರ ಈಜಬೇಕು ಅಂತ ಅಂಜಬ್ಯಾಡ್ರಿ. ಇದು ಊರ ಬಾವಿಯಷ್ಟೇ ಐತಿ.

ನಾನು ಮಾಡೋದು ಇಷ್ಟು. ಒಂದು ತಿಂಗಳು ಒಂದೇ ವಿಷಯ. ಅದನ್ನು ಮೊದಲು ಕನ್ನಡದಾಗೋ ಮರಾಠಿಯಾಗೋ ತಿಳ್ಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ದಿನಕ್ಕೆ ಒಂದು ಪುಟ. ಎಲ್ಲ ಶಬ್ದಕ್ಕೂ ಡಿಕ್ಷನರಿ ತೆಗೆಯೋದಿಲ್ಲ. ಮೂರು ಸಲ ಎದುರಾದದ್ದಕ್ಕೆ ಮಾತ್ರ ಗೆರೆ ಎಳೀತೀನಿ. ಮೊದಲು ಅರ್ಥ ಊಹಿಸಿ, ಆಮೇಲೆ ನೋಡ್ತೀನಿ. ನಮ್ಮೂರಿನ ಸಂಗತಿ ಹಾಕಿ ಒಂದು ವಾಕ್ಯ ಬರೀತೀನಿ. ಪ್ರೊವೈಡ್, ಪ್ರೊವಿಜನ್, ಪ್ರೊವಿಜನಲ್ ಮೂರೂ ಈಗ ನನ್ನ ವಹಿಯ ಮೊದಲ ಪುಟದಾಗ ಅದಾವ.

ಕೊನೆಗೆ ಒಂದು ವಿನಂತಿ. ನಮ್ಮ ಬಗ್ಗೆ ವರದಿ, ಕಾನೂನು, ಸಂಶೋಧನೆ ಎಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅವನ್ನು ನಾವೇ ಓದಿ, ತಪ್ಪಿದ್ದರೆ ನಾವೇ ತಪ್ಪು ಅನ್ನಬೇಕು. ಪ್ರತಿ ರವಿವಾರ ಸಂಜೆ ನಮ್ಮ ಸಂಘದಾಗ ಕೂತು ಒಂದು ಪುಟ ಕೂಡಿ ಓದೋಣ. ಯಾರ ಮನಿಗೆ ಇಂಗ್ಲಿಷ್ ಅರ್ಜಿ, ನೋಟೀಸು ಬಂದರೂ ಅಲ್ಲಿಗೆ ತರ್ರಿ. ನನ್ನ ತಂಗಿ ಈ ವರ್ಷ ಹನ್ನೆರಡನೆಯ ಪರೀಕ್ಷೆಗೆ ಕೂತಾಳ. ಅವಳ ಹೆಸರು ಪಟ್ಟಿಯೊಳಗ ಬಂದಾಗ ನಮ್ಮವ್ವ ಸಕ್ಕರೆ ಹಂಚಲಿ, ಅದಕ್ಕೂ ಮೊದಲು ಹೆಸರಿನ ಮುಂದಿನ ಶಬ್ದವನ್ನು ತಂಗಿ ತಾನೇ ಓದಲಿ.

 ಜೈ ಭೀಮ್.