ಹಾರೆಯಿಂದ ಅಣೆಕಟ್ಟಿಗೆ

ಬಲವೆಂದರೇನೆಂದು ಕೇಳಿದರೆ ನಮ್ಮ ಪಾಠಶಾಲೆಗಳ ಮಕ್ಕಳು ಒಂದೇ ಉಸಿರಿನಲ್ಲಿ ಲಕ್ಷಣವಾಕ್ಯವನ್ನು ಒಪ್ಪಿಸಿಬಿಡುತ್ತಾರೆ. ಅದೇ ಮಕ್ಕಳ ಮುಂದೆ ಒಂದು ಬಂಡೆಯನ್ನೂ ಒಂದು ಹಾರೆಯನ್ನೂ ಇಟ್ಟು, ಬಂಡೆಯನ್ನು ಕೈಯಿಂದ ಮುಟ್ಟದೆ ಎಬ್ಬಿಸಿರಿ ಎಂದರೆ ಬಹುಮಂದಿ ಸುಮ್ಮನೆ ನಿಲ್ಲುತ್ತಾರೆ. ಯಂತ್ರಶಾಸ್ತ್ರದ ಬೋಧನೆ ಈ ಎರಡನೆಯ ಪ್ರಶ್ನೆಯಿಂದ ಮೊದಲಾಗಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪ್ರಯೋಗಶಾಲೆಯ ಸಲಕರಣೆಗಳೇನೂ ಬೇಕಿಲ್ಲ. ಹಿರಿಯೂರು ತಾಲ್ಲೂಕಿನ ಐಮಂಗಲದಂತಹ ಊರಿನಲ್ಲಿ ಹಾರೆಗೂ ಕಲ್ಲಿಗೂ ಬರವೆ? ಐದು ಅಡಿಯ ಹಾರೆಯನ್ನು ಬಂಡೆಯಡಿಗೆ ತೂರಿಸಿ, ಆ ತುದಿಯಿಂದ ಅರ್ಧ ಅಡಿ ದೂರದಲ್ಲಿ ಒಂದು ಸಣ್ಣ ಕಲ್ಲನ್ನು ಒತ್ತುಕೊಟ್ಟರೆ, ಕೈಯ ಕಡೆಗೆ ನಾಲ್ಕೂವರೆ ಅಡಿ ಉಳಿಯುತ್ತದೆ. ಇದೇ ಸನ್ನೆ. ಆಗ 90 ಕಿಲೋಗ್ರಾಂ ಭಾರವನ್ನು 10 ಕಿಲೋಗ್ರಾಂ ಒತ್ತು ಸರಿದೂಗಿಸಬಲ್ಲದು. ಮಕ್ಕಳು ಇದನ್ನು ಇಂದ್ರಜಾಲವೆಂದುಕೊಂಡು ಹಿಗ್ಗುತ್ತಾರೆ, ಹಿಗ್ಗಲಿ. ಆಮೇಲೆ ಅವರ ಕೈಗೆ ಅಳತೆಪಟ್ಟಿಯನ್ನು ಕೊಡಬೇಕು. ಬಂಡೆ ಒಂದು ಅಂಗುಲ ಏಳಬೇಕಾದರೆ ಕೈ ಒಂಬತ್ತು ಅಂಗುಲ ಇಳಿಯಬೇಕು. ಯಂತ್ರವು ಯಾರಿಗೂ ಬಿಟ್ಟಿ ದುಡಿಯುವುದಿಲ್ಲ; ಬಲದಲ್ಲಿ ಉಳಿಸಿಕೊಟ್ಟುದನ್ನು ದೂರದಲ್ಲಿ ವಸೂಲು ಮಾಡುತ್ತದೆ. (ಈ ಪಾಠ ನಡೆಯುವಾಗ ಹುಡುಗರಿಗೆ ಹಾರೆ ಕೊಟ್ಟು ಹುಡುಗಿಯರಿಗೆ ಬರೆದುಕೊಳ್ಳಲು ಹೇಳುವ ಉಪಾಧ್ಯಾಯರಿದ್ದಾರೆ. ಅದು ಸಲ್ಲದು.)

ರಾಟೆ ಭಾರವನ್ನು ಹಗುರ ಮಾಡುತ್ತದೆಂದು ಅನೇಕರು ನಂಬಿದ್ದಾರೆ. ಒಂದೆಡೆ ಬಿಗಿದು ಕಟ್ಟಿದ ಒಂಟಿ ರಾಟೆ ಏನನ್ನೂ ಹಗುರ ಮಾಡದು. ಎಳೆತದ ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಪಂಪುಗಳು ಬರುವ ಮುನ್ನ ಬಯಲುಸೀಮೆಯ ತೋಟಗಳಿಗೆ ನೀರೆತ್ತುತ್ತಿದ್ದ ಕಪಿಲೆಯಲ್ಲಿ ಇದನ್ನು ಕಾಣಬಹುದಾಗಿತ್ತು. ಬಾವಿಯ ನೀರು ಮೇಲಕ್ಕೆ ಬರಲು ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆಯುತ್ತಿದ್ದವು. ಅವುಗಳ ಮೈಭಾರವೇ ಎಳೆತಕ್ಕೆ ನೆರವಾಗುತ್ತಿತ್ತು. ಯಾವ ಕಾಲೇಜಿನ ಮೆಟ್ಟಿಲನ್ನೂ ತುಳಿಯದವರ ಯೋಜನೆ ಅದು! ಮನೆಯ ಅಜ್ಜನಿಗೆ ಅದರ ನೆನಪಿದ್ದರೆ ಮಕ್ಕಳು ಕೇಳಿ ತಿಳಿದು ಚಿತ್ರ ಬರೆಯಲಿ.

ಇಷ್ಟಾದ ಮೇಲೆ ಅವರನ್ನು ಅದೇ ತಾಲ್ಲೂಕಿನ ಮಾರಿಕಣಿವೆಗೆ ಕರೆದೊಯ್ಯಬೇಕು. ವೇದಾವತಿಗೆ ಅಡ್ಡಲಾಗಿ ಎರಡು ಬೆಟ್ಟಗಳ ನಡುವೆ ಎದ್ದ ವಾಣಿವಿಲಾಸಸಾಗರದ ಕಟ್ಟೆ 1907ರಲ್ಲಿ ಮುಗಿಯಿತು. ಅದು ಬುಡದಲ್ಲಿ ದಪ್ಪ, ತಲೆಯಲ್ಲಿ ತೆಳು. ಏಕೆ? ಉತ್ತರವನ್ನು ಹೇಳಿಕೊಡಬೇಡಿರಿ. ಹೊರಡುವ ಮುನ್ನ ಒಂದು ಡಬ್ಬಿಗೆ ಮೇಲಿನಿಂದ ಕೆಳಕ್ಕೆ ಮೂರು ತೂತು ಕೊರೆದು ನೀರು ತುಂಬಿರಿ. ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸವಾಗಿ ಹೊರಡುವುದನ್ನು ಕಂಡ ಮಗು ಕಾರಣವನ್ನು ತಾನೇ ಹೇಳುತ್ತದೆ. ಜಲಾಶಯ ತುಂಬಿದಾಗ ನೀರಿನ ಮಟ್ಟ 130 ಅಡಿ. ಅಷ್ಟು ಆಳದಲ್ಲಿ ಒಂದೊಂದು ಚದರ ಅಡಿಯ ಮೇಲೂ ಸುಮಾರು 3,680 ಕಿಲೋಗ್ರಾಂ ಭಾರದಷ್ಟು ಒತ್ತಡ. ನೀರು ಹಿಂದಕ್ಕೆ ಎಷ್ಟು ಮೈಲಿ ಹರಡಿದೆಯೆಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಇಂಜಿನಿಯರೆಂದರೆ ಪದವಿ, ಸಂಬಳ, ದೂರದ ಪಟ್ಟಣ ಎಂದು ತಾಯಿತಂದೆಗಳು ತಿಳಿದಿದ್ದಾರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದು ಅಂತಹ ಕಾಲೇಜುಗಳು ನಾಡಿನ ತುಂಬ ಇವೆ. ಸಂತೋಷವೇ. ಆದರೆ ಆ ವೃತ್ತಿಯ ಹೊಣೆ ಎಂತಹುದೆಂಬುದು ಈ ಕಟ್ಟೆಯ ಮೇಲೆ ತಿಳಿಯುವಷ್ಟು ಪ್ರವೇಶಪರೀಕ್ಷೆಯ ಪುಸ್ತಕದಲ್ಲಿ ತಿಳಿಯದು. 1933ರಲ್ಲಿ ಕೋಡಿ ಹರಿದ ಜಲಾಶಯ ಮತ್ತೆ ಕೋಡಿ ಹರಿದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ತುಂಬು ಒತ್ತಡವನ್ನು ಕಾಣದಿದ್ದ ಗೋಡೆ, ಅದು ಬಂದ ದಿನ ತಡೆದು ನಿಲ್ಲಬೇಕಾಗಿತ್ತು, ನಿಂತಿತು. ಲೆಕ್ಕ ಹಾಕಿದವರಾರೂ ಆಗ ಬದುಕಿರಲಿಲ್ಲ. ಕೋಡಿಯ ಬಳಿ ನಿಂತು ಇದನ್ನು ಹೇಳಿ, ಮಕ್ಕಳು ಏನು ಕೇಳುತ್ತಾರೋ ಕಾದು ನೋಡಿರಿ.