ಸಾರೋಟು ಎಳೆದ ಕೈಗಳು

1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಕಲ್ಕತ್ತೆಗೆ ಹೊರಟು ನಿಂತರು. ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ಕುದುರೆಗಳಿಗೆ ಬಿಡದೆ, ತಾವೇ ರೈಲು ನಿಲ್ದಾಣದವರೆಗೂ ಎಳೆದೊಯ್ದರು. ಆ ಮೇಷ್ಟ್ರು ಸರ್ವಪಲ್ಲಿ ರಾಧಾಕೃಷ್ಣನ್. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 5 ನಮಗೆ 1962ರಿಂದ ಶಿಕ್ಷಕರ ದಿನ. ಅಂದು ಜಿಲ್ಲೆ ಜಿಲ್ಲೆಗಳಲ್ಲಿ ಉತ್ತಮ ಶಿಕ್ಷಕರಿಗೆ ಶಾಲು ಹೊದಿಸುತ್ತೇವೆ. ಹೊದಿಸಲೇಬೇಕು.

ನನ್ನ ಕಣ್ಣಲ್ಲಿ ನಿಂತಿರುವುದು ಮಾತ್ರ ಸರ್ಕಾರಿ ಪ್ರೌಢಶಾಲೆಯೊಂದರ ಹತ್ತನೇ ತರಗತಿಯ ಬೀಳ್ಕೊಡುಗೆ. ಅಂಗಳದಲ್ಲಿ ಶಾಮಿಯಾನ. ಬಿಸಿಯೂಟದ ಅಕ್ಕಂದಿರು ಅಂದು ಪ್ರೀತಿಯಿಂದ ಮಾಡಿದ ಕೇಸರಿಬಾತು. ಒಂಬತ್ತನೆಯವರು ಅಣ್ಣ ಅಕ್ಕಂದಿರ ಕೈಗೆ ಒಂದೊಂದು ಗುಲಾಬಿ, ಒಂದೊಂದು ಪೆನ್ನು ಕೊಟ್ಟರು. ಮಾತಾಡಲು ಎದ್ದ ಹುಡುಗಿಯೊಬ್ಬಳು, "ಲೆಕ್ಕದ ಮೇಡಂ ನಮ್ಮನೆಗೆ ಮೂರು ಸಲ ಬಂದಿದ್ರು..." ಎಂದವಳು ಮುಂದೆ ಹೇಳಲಾಗದೆ ಅತ್ತುಬಿಟ್ಟಳು. ಎಂಟನೇ ತರಗತಿಗೇ ಅವಳ ಓದು ಬಿಡಿಸಿ ಕೂಲಿಗೆ ಕಳಿಸಬೇಕೆಂದು ಮನೆಯವರು ಗಟ್ಟಿಮಾಡಿದ್ದರಂತೆ. ಕೊನೆಯ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂದು ಮೇಡಂ ಹುಡುಗಿಯ ಮನೆಗೆ ಹೋಗಿ, ಒಲೆಯ ಮುಂದೆ ಕೂತು ತಾಯಿಯನ್ನು ಒಪ್ಪಿಸಿ ಬಂದಿದ್ದರು. ಇಂಥ ಕೆಲಸ ಯಾವ ಹಾಜರಿ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಶೇಕಡಾವಾರು ಫಲಿತಾಂಶಕ್ಕಿಂತ ದೊಡ್ಡದು ಇದು ಎಂದೇ ನಾನು ನಂಬಿದ್ದೇನೆ.

ಮೇಡಂ ಕುರ್ಚಿಯಿಂದೆದ್ದು ಬಂದರು. ಮೈಕನ್ನು ಪಕ್ಕಕ್ಕೆ ಸರಿಸಿ, ತಮ್ಮ ಸೆರಗಿನಿಂದ ಹುಡುಗಿಯ ಕಣ್ಣೊರೆಸಿ, ಮೆಲ್ಲಗೆ ಕೇಳಿದರು: "ಪಿಯುಸಿಗೆ ಯಾವ ಕಾಲೇಜು ಸೇರ್ತೀಯಮ್ಮಾ?"